99.99: ಅಳೆದವರು ಯಾರು ಸ್ವಾಮಿ?

ಅಕ್ಟೋಬರ್ ಕೊನೆಯ ವಾರ. ನನ್ನ ಪ್ರೆಸ್ಸಿಗೆ ಐದು ಜನ ಹುಡುಗರು ಬಂದರು. ಹೆಗಲ ಮೇಲೆ ಹಳದಿ-ಕೆಂಪು ಶಾಲು, ಬೈಕಿಗೆ ಬಾವುಟ, ಮುಖದಲ್ಲಿ ಉತ್ಸಾಹ. ರಾಜ್ಯೋತ್ಸವದ ಕರಪತ್ರ ಆಗಬೇಕು, ಎರಡು ಬಣ್ಣ, ಎರಡು ಸಾವಿರ ಪ್ರತಿ, ನಾಳೆ ಸಂಜೆಗೇ ಬೇಕು ಅಂದರು. ಆಗಲಿ ಎಂದು ಕಾಗದ ಕೈಗೆ ತೆಗೆದುಕೊಂಡೆ. ಮೊದಲ ಸಾಲೇ ಹೀಗಿತ್ತು: ‘ಕನ್ನಡ ಭಾಷೆ ವೈಜ್ಞಾನಿಕವಾಗಿ, ತಾರ್ಕಿಕವಾಗಿ ಶೇಕಡಾ 99.99ರಷ್ಟು ಪರಿಪೂರ್ಣ!’

“ಯಾರು ಅಳೆದಿದ್ದು ತಮ್ಮಾ?” ಎಂದೆ.

“ವಿಜ್ಞಾನಿಗಳು ಸಾರ್.”

“ಯಾವ ವಿಜ್ಞಾನಿಗಳು? ಯಾವ ತಕ್ಕಡಿಯಲ್ಲಿ ಇಟ್ಟು ತೂಗಿದರು? ಉಳಿದ ಆ 0.01 ಯಾವುದು? ಒತ್ತಕ್ಷರವೋ, ಅರ್ಕಾವತ್ತೋ?”

ಒಬ್ಬನಿಗೆ ನಗು ಬಂತು. ಇನ್ನೊಬ್ಬನಿಗೆ ಸಿಟ್ಟು ಬಂತು. “ನೀವು ಕನ್ನಡದವರೇನ್ರೀ?” ಅಂದೇಬಿಟ್ಟ.

ಗೆಳೆಯರೇ, ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡದ ಅಕ್ಷರವನ್ನೇ ಉಂಡು ಬದುಕಿದವನು. ನನ್ನ ಉಗುರಿನ ಸಂದಿಯಲ್ಲಿರುವ ಮಸಿಯೂ ಕನ್ನಡದ್ದೇ. ಆ ಒಂದು ಸಾಲು ತೆಗೆಯಿರಿ, ಉಳಿದದ್ದನ್ನು ಖರ್ಚಿನ ಬೆಲೆಗೆ ಮುದ್ರಿಸಿಕೊಡುತ್ತೇನೆ ಅಂದೆ. ತೆಗೆಯಲಿಲ್ಲ. ಬೇರೆ ಪ್ರೆಸ್ಸಿಗೆ ಹೋದರು. ಕರಪತ್ರ ಬಂತು, ನೋಡಿದೆ. ‘ಪರಿಪೂರ್ಣ’ ಎನ್ನುವ ಪದದಲ್ಲೇ ದೀರ್ಘ ಬಿಟ್ಟುಹೋಗಿತ್ತು!

ಇರಲಿ. ಆ ಹುಡುಗರ ಮೇಲೆ ನನಗೆ ಕೋಪವಿಲ್ಲ. ಈ ಪತ್ರಿಕೆ ಓದುವವರೂ ಅವರೇ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರು, ಮೈಸೂರು, ಹಾಸನದ ಬೀದಿಗಳಲ್ಲಿ ಬಾವುಟ ಹಿಡಿದು ನಿಲ್ಲುವ ನೀವು ‘ವೈಜ್ಞಾನಿಕ’ ಎಂಬ ಪದವನ್ನು ಹಣೆಯ ಕುಂಕುಮದ ಹಾಗೆ ಹಚ್ಚಿಕೊಳ್ಳುತ್ತೀರಲ್ಲ, ಆ ಪದದ ಒಳಗೆ ಏನಿದೆ ಎಂದು ಒಂದು ಸಲ ಬಿಚ್ಚಿ ನೋಡೋಣ. ನಾನು ಪ್ರೊಫೆಸರ್ ಅಲ್ಲ. ಪಿಯುಸಿ ಓದಿದವನು, ಅದೂ ಹೇಗೆ ಓದಿದೆ ಎನ್ನುವುದು ದೊಡ್ಡ ಕಥೆ, ಮುಂದೆ ಹೇಳುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಕೈಯಲ್ಲಿರುವ ಈ ಪತ್ರಿಕೆಯಿಂದ ಒಂದು ಹಾಳೆ ಹರಿಯಿರಿ. ಓದಿ ಮುಗಿಸಿದ ಹಾಳೆ ಮಾರಾಯರೇ, ಇದನ್ನಲ್ಲ! ಒಂದು ಕೈಯಲ್ಲಿ ಆ ಹಾಳೆ, ಇನ್ನೊಂದು ಕೈಯಲ್ಲಿ ಒಂದು ನಾಣ್ಯ. ತಲೆ ಎತ್ತರದಿಂದ ಒಟ್ಟಿಗೆ ಬಿಡಿ. ನಾಣ್ಯ ಟಣ್ ಎಂದು ಬಿತ್ತು, ಹಾಳೆ ತೇಲುತ್ತಾ ತೂಗುತ್ತಾ ಬಂತು. ‘ಭಾರದ್ದು ಬೇಗ ಬೀಳುತ್ತೆ, ಹಗುರದ್ದು ನಿಧಾನ’ ಅಂತೀರಿ. ಎರಡು ಸಾವಿರ ವರ್ಷ ಯೂರೋಪಿನ ಪಂಡಿತರೂ ಅರಿಸ್ಟಾಟಲನ ಹೆಸರು ಹೇಳಿ ಅದನ್ನೇ ಅಂದುಕೊಂಡಿದ್ದರು. ಈಗ ಅದೇ ಹಾಳೆಯನ್ನು ಗಟ್ಟಿಯಾಗಿ ಮುದುಡಿ ಉಂಡೆ ಮಾಡಿ. ಮತ್ತೆ ಬಿಡಿ. ಹೆಚ್ಚುಕಡಿಮೆ ಒಟ್ಟಿಗೇ ಬಿದ್ದವು, ಅಲ್ಲವೇ?

ಹಾಳೆಯ ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ಬದಲಾದದ್ದು ಆಕಾರ ಮಾತ್ರ. ಅಂದ ಮೇಲೆ ನಿಧಾನಕ್ಕೆ ಕಾರಣ ತೂಕವಲ್ಲ. ಮತ್ತೇನು? ಅಗಲವಾದ ಹಾಳೆಯನ್ನು ಕೆಳಗಿನಿಂದ ತಡೆದದ್ದು ಗಾಳಿ. ಇದು ಬರೀ ಊಹೆ ಅಂತ ನೀವು ಹೇಳಬಹುದು. ಹಾಗಾದರೆ ಇನ್ನೊಂದು ಪರೀಕ್ಷೆ. ಒಂದು ದಪ್ಪ ಪುಸ್ತಕದ ಮೇಲೆ ಅದಕ್ಕಿಂತ ಚಿಕ್ಕದಾದ ಕಾಗದದ ಚೂರು ಇಟ್ಟು ಪುಸ್ತಕವನ್ನು ಅಡ್ಡಡ್ಡ ಬೀಳಬಿಡಿ. ಕಾಗದ ಹಿಂದೆ ಉಳಿಯುವುದಿಲ್ಲ, ಪುಸ್ತಕದ ಬೆನ್ನ ಮೇಲೆ ಕುಳಿತೇ ಬರುತ್ತದೆ. ಗಾಳಿಯನ್ನು ಪುಸ್ತಕ ಸೀಳಿಕೊಟ್ಟಿತು ನೋಡಿ. ನಮ್ಮ ಪ್ರೆಸ್ಸಿನ ಹುಡುಗ ಇದನ್ನು ನೋಡಿ, “ಅಣ್ಣಾ, ಪುಸ್ತಕವೇ ಅದನ್ನು ಎಳಕೊಂಡು ಹೋಗಿರಬಹುದಲ್ವಾ?” ಅಂದ. ಶಭಾಷ್! ಅದೇ ಬೇಕಾದದ್ದು. ಹಾಗೆ ಅಡ್ಡ ಪ್ರಶ್ನೆ ಹಾಕುವವನು ವಿಜ್ಞಾನದ ಶತ್ರುವಲ್ಲ, ಮನೆಯ ಅಳಿಯ. ಅವನಿಗೆ ಉತ್ತರ ಹೇಳಲು ಗಾಳಿಯೇ ಇಲ್ಲದ ಜಾಗ ಬೇಕು. 1971ರಲ್ಲಿ ಅಪೊಲೊ 15ರಲ್ಲಿ ಹೋದ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆ, ಒಂದು ಹಕ್ಕಿಯ ಗರಿ ಎರಡನ್ನೂ ಒಟ್ಟಿಗೆ ಕೈಬಿಟ್ಟ. ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಇಟಲಿಯ ಗೆಲಿಲಿಯೋ ಪೀಸಾ ಗೋಪುರದಿಂದ ಗುಂಡು ಬಿಟ್ಟ ಎನ್ನುವ ಕಥೆ ಎಲ್ಲರಿಗೂ ಗೊತ್ತು. ಅದು ನಿಜವಾಗಿ ನಡೆಯಿತೇ ಎಂದು ಇತಿಹಾಸಕಾರರಿಗೇ ಅನುಮಾನ. ಅವನು ಖಂಡಿತವಾಗಿ ಮಾಡಿದ್ದು ಬೇರೆ, ಅದು ಇನ್ನೂ ಚೆನ್ನಾಗಿದೆ. ನೇರ ಬೀಳುವುದು ಕಣ್ಣಿಗೆ ಸಿಗದಷ್ಟು ವೇಗ. ಅದಕ್ಕೆ ಇಳಿಜಾರು ಹಲಗೆಯಲ್ಲಿ ಗಾಡಿ ಕೊರೆದು ಗುಂಡು ಉರುಳಿಸಿದ. ಗಡಿಯಾರ ಸರಿಯಿಲ್ಲದ ಕಾಲ, ಪಾತ್ರೆಯಿಂದ ಸೋರಿದ ನೀರನ್ನು ತೂಗಿ ಹೊತ್ತು ಅಳೆದ. ಎರಡು ಪಟ್ಟು ಹೊತ್ತಿಗೆ ನಾಲ್ಕು ಪಟ್ಟು ದೂರ, ಮೂರು ಪಟ್ಟು ಹೊತ್ತಿಗೆ ಒಂಬತ್ತು ಪಟ್ಟು ದೂರ ಎಂದು ಲೆಕ್ಕ ಸಿಕ್ಕಿತು. 1638ರಲ್ಲಿ ಅದನ್ನು ಪುಸ್ತಕ ಮಾಡಿ ಮುದ್ರಿಸಿದ. ಯಾರು ಬೇಕಾದರೂ ಹಲಗೆ ತಂದು ಉರುಳಿಸಿ ನೋಡಬಹುದು ಎನ್ನುವಂತೆ ಬರೆದ. ಭೌತವಿಜ್ಞಾನದ ಜೀವ ಇರುವುದು ಅಲ್ಲಿ. ‘ನಾನು ಹೇಳಿದೆ, ನಂಬು’ ಅನ್ನುವುದಿಲ್ಲ. ‘ನಾನು ಹೀಗೆ ಮಾಡಿದೆ, ನೀನೂ ಮಾಡಿ ನೋಡು’ ಅನ್ನುತ್ತದೆ.

ನಮ್ಮ ಪ್ರೆಸ್ಸಿನಲ್ಲೇ ಒಂದು ಪ್ರಸಂಗ ನಡೆಯಿತು. ಆಫ್‌ಸೆಟ್ ಮುದ್ರಣ ಎಂದರೆ ಎಣ್ಣೆ ನೀರಿನ ಜಗಳ. ಅಲ್ಯೂಮಿನಿಯಂ ಪ್ಲೇಟಿನ ಮೇಲೆ ಅಕ್ಷರ ಇರುವ ಜಾಗ ಎಣ್ಣೆಯ ಮಸಿ ಹಿಡಿಯುತ್ತದೆ, ಖಾಲಿ ಜಾಗ ನೀರು ಹಿಡಿಯುತ್ತದೆ. ಎರಡೂ ಬೆರೆಯವು, ಅದಕ್ಕೇ ಅಕ್ಷರ ಮೂಡುತ್ತದೆ. ಒಂದು ಜುಲೈ ತಿಂಗಳು. ಹಾಸನದ ಮಳೆ ನಿಮಗೆ ಗೊತ್ತಲ್ಲ, ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ನಾಲ್ಕು ಬಣ್ಣದ ಮದುವೆ ಪತ್ರಿಕೆ. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಲೇ ಇಲ್ಲ. ಗಣಪತಿಯ ಕೆಂಪು ಪಕ್ಕಕ್ಕೆ, ಹಳದಿ ಇನ್ನೊಂದು ಪಕ್ಕಕ್ಕೆ! ಮೆಷಿನ್ ನಡೆಸುವವನು “ದೃಷ್ಟಿ ತಾಕಿದೆ ಅಣ್ಣಾ” ಎಂದು ನಿಂಬೆಹಣ್ಣು ಮೆಣಸಿನಕಾಯಿ ತಂದು ಮೆಷಿನ್ನಿಗೆ ಕಟ್ಟಿದ. ನಾನೂ ಸುಮ್ಮನಿದ್ದೆ. ಸಾವಿರ ಹಾಳೆ ಹಾಳಾದಾಗ ಮನುಷ್ಯ ಯಾವುದನ್ನು ಬೇಕಾದರೂ ನಂಬುತ್ತಾನೆ.

ಆಮೇಲೆ ಕೂತು ಯೋಚಿಸಿದೆ. ಒಂದೊಂದೇ ಬದಲಾಯಿಸಿ ನೋಡೋಣ, ಎರಡನ್ನು ಒಟ್ಟಿಗೆ ಬದಲಾಯಿಸುವುದು ಬೇಡ ಅಂದೆ. ಮಸಿ ಬದಲಾಯಿಸಿದೆವು. ಇಲ್ಲ. ಬ್ಲಾಂಕೆಟ್ ಬದಲಾಯಿಸಿದೆವು. ಇಲ್ಲ. ಕೊನೆಗೆ ಕಾಗದ. ಒಂದು ರೀಮನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟೆವು, ಇನ್ನೊಂದನ್ನು ಬಿಚ್ಚಿ ರಾತ್ರಿಯಿಡೀ ಗೋಡೆಯ ಪಕ್ಕ ಬಿಟ್ಟೆವು. ಬೆಳಿಗ್ಗೆ ಅದೇ ಪ್ಲೇಟು, ಅದೇ ಮಸಿ, ಅದೇ ಮೆಷಿನ್, ಅದೇ ಕೈ. ಸುತ್ತಿಟ್ಟ ಕಾಗದದಲ್ಲಿ ಬಣ್ಣ ಕರಾರುವಾಕ್ಕಾಗಿ ಕೂತಿತು. ಬಿಚ್ಚಿಟ್ಟದ್ದರಲ್ಲಿ ಗಣಪತಿಗೆ ಮತ್ತೆ ಎರಡು ಸೊಂಡಿಲು. ಕಾಗದದ ನಾರು ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ನಾರಿಗೆ ಅಡ್ಡಲಾಗಿ ಹೆಚ್ಚು ಹಿಗ್ಗುತ್ತದೆ. ಮೊದಲ ಬಣ್ಣ ಬಿದ್ದಾಗ ಇದ್ದ ಅಳತೆ ಎರಡನೆಯದು ಬೀಳುವಾಗ ಇಲ್ಲ. ಅಷ್ಟೇ ವಿಷಯ. ನಿಂಬೆಹಣ್ಣು ಎರಡು ರೀಮಿಗೂ ಸಮನಾಗಿ ಮೇಲೆ ನೇತಾಡುತ್ತಿತ್ತು ಎನ್ನುವುದನ್ನು ದಯವಿಟ್ಟು ಗಮನಿಸಿ. ಎರಡರಲ್ಲೂ ಇದ್ದದ್ದು ವ್ಯತ್ಯಾಸಕ್ಕೆ ಕಾರಣ ಆಗಲಾರದು. ಇದನ್ನು ತಿಳಿಯಲು ಡಿಗ್ರಿ ಬೇಕೇ?

ಈಗ ಸಾಲಗಾಮೆಗೆ ಬನ್ನಿ. ಹಾಸನದಿಂದ ನಮ್ಮ ಹೋಬಳಿಗೆ ಹೋಗುವ ರಸ್ತೆಯ ಹೆಸರೇ ಸಾಲಗಾಮೆ ರಸ್ತೆ. ಆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಜನರ ಬಾಯಲ್ಲಿ ಎಂಸಿಎಫ್. 1982ರಲ್ಲಿ ಆರಂಭವಾದದ್ದು. ನಮ್ಮ ದೇಶದ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಅವುಗಳ ಕಕ್ಷೆಗೆ ಏರಿಸಿ, ಹಗಲೂ ರಾತ್ರಿ ಕಾದು, ದಿಕ್ಕು ತಪ್ಪದಂತೆ ನೋಡಿಕೊಳ್ಳುವ ಜಾಗ. ಬೃಹತ್ ಬಿಳಿ ಬಟ್ಟಲುಗಳು ಆಕಾಶಕ್ಕೆ ಮುಖ ಮಾಡಿ ನಿಂತಿವೆ. ನಾನು ಚಿಕ್ಕವನಿದ್ದಾಗ ನಮ್ಮೂರ ಒಬ್ಬ ಹಿರಿಯರು, “ಆ ಬಟ್ಟಲು ಬಂದ ಮೇಲೆ ಮೋಡ ನಿಲ್ತಾ ಇಲ್ಲ, ಎಲ್ಲಾ ಹೀರಿಕೊಳ್ಳುತ್ತೆ” ಅನ್ನುತ್ತಿದ್ದರು. ನಗಬೇಡಿ. ಅದು ಮೂರ್ಖ ಮಾತಲ್ಲ, ಪರೀಕ್ಷೆ ಮಾಡದ ಮಾತು, ಅಷ್ಟೇ. ಪರೀಕ್ಷೆ ಹೇಗೆ? ಮಳೆಮಾಪಕದ ಹಳೇ ದಫ್ತರ ತೆಗೆಸಿ. 1982ಕ್ಕೆ ಹಿಂದಿನ ಇಪ್ಪತ್ತು ವರ್ಷ, ಮುಂದಿನ ಇಪ್ಪತ್ತು ವರ್ಷ ಪಕ್ಕಪಕ್ಕ ಬರೆಯಿರಿ. ಅಷ್ಟೇ ಸಾಲದು. ಬಟ್ಟಲೇ ಇಲ್ಲದ ಅರಸೀಕೆರೆ, ಚನ್ನರಾಯಪಟ್ಟಣದ ಲೆಕ್ಕವನ್ನೂ ಪಕ್ಕದಲ್ಲಿಡಿ. ಅಲ್ಲೂ ಅದೇ ವರ್ಷ ಮಳೆ ಕೈಕೊಟ್ಟಿದ್ದರೆ ಬಟ್ಟಲನ್ನು ಬೈದು ಪ್ರಯೋಜನವಿಲ್ಲ.

ಆದರೆ ಆ ಬಟ್ಟಲುಗಳು ನಿಜವಾಗಿ ನೋಡುತ್ತಿರುವುದು ಏನನ್ನು? ನೆಲದಿಂದ ಸುಮಾರು 36,000 ಕಿಲೋಮೀಟರ್ ಮೇಲೆ ನಿಂತಂತೆ ಕಾಣುವ ಉಪಗ್ರಹವನ್ನು. ನಿಂತಿಲ್ಲ, ಸೆಕೆಂಡಿಗೆ ಮೂರು ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಮುಗಿಸುವುದರಿಂದ ನಮಗೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಅದು ಸರಿ. ಅಷ್ಟೇ ಎತ್ತರ ಯಾಕೆ? ಹತ್ತು ಸಾವಿರಕ್ಕೆ ಯಾಕಿಲ್ಲ, ಐವತ್ತು ಸಾವಿರಕ್ಕೆ ಯಾಕಿಲ್ಲ? ಇದು ಸರ್ಕಾರದ ಆದೇಶವಲ್ಲ ಸ್ವಾಮಿ. ಚಂದ್ರನನ್ನು ಕೇಳಿದರೆ ಹೇಳುತ್ತಾನೆ. ಪೆನ್ನು ತೆಗೆದುಕೊಳ್ಳಿ.

1619ರಲ್ಲಿ ಜರ್ಮನಿಯ ಕೆಪ್ಲರ್ ಒಂದು ನಿಯಮ ಪ್ರಕಟಿಸಿದ. ಅವನು ಗ್ರಹಗಳಿಗೆ ಹೇಳಿದ್ದು, ಆದರೆ ಭೂಮಿಯನ್ನು ಸುತ್ತುವ ಎಲ್ಲದಕ್ಕೂ ಅದೇ ನಿಯಮ. ಯಾಕೆ ಎಂಬುದನ್ನು 1687ರಲ್ಲಿ ನ್ಯೂಟನ್ ತೋರಿಸಿಕೊಟ್ಟ. ಸುತ್ತಲು ಹಿಡಿಯುವ ಕಾಲವನ್ನು ಅದರಿಂದಲೇ ಗುಣಿಸಿದರೆ, ಅದು ದೂರವನ್ನು ಮೂರು ಸಲ ಗುಣಿಸಿದ್ದಕ್ಕೆ ಸರಿಸಮ ಪ್ರಮಾಣದಲ್ಲಿರುತ್ತದೆ. ಗಾಬರಿಯಾಗಬೇಡಿ. ಚಂದ್ರ ಭೂಮಿಯನ್ನು ಸುತ್ತಲು 27 ದಿನ ಚಿಲ್ಲರೆ. ನಮ್ಮ ಉಪಗ್ರಹಕ್ಕೆ ಬೇಕಾದದ್ದು 1 ದಿನ. 27ನ್ನು 27ರಿಂದ ಗುಣಿಸಿ: 729. ಈಗ ಯಾವ ಸಂಖ್ಯೆಯನ್ನು ಮೂರು ಸಲ ಗುಣಿಸಿದರೆ 729 ಬರುತ್ತದೆ? 9ನ್ನು. 9 ಒಂಬತ್ತಲೆ 81, 81 ಒಂಬತ್ತಲೆ 729. ಅಂದರೆ ಚಂದ್ರ ನಮ್ಮ ಉಪಗ್ರಹಕ್ಕಿಂತ 9 ಪಟ್ಟು ದೂರದಲ್ಲಿರಬೇಕು. ಚಂದ್ರನ ದೂರ ಸುಮಾರು 3,84,000 ಕಿಲೋಮೀಟರ್. 9ರಿಂದ ಭಾಗಿಸಿ: 42,666. ಇದು ಭೂಮಿಯ ನಡುಬಿಂದುವಿನಿಂದ. ಭೂಮಿಯ ಅರ್ಧ ಅಗಲ ಸುಮಾರು 6,400 ಕಳೆಯಿರಿ. ಉಳಿದದ್ದು 36,266.

ಎಂಸಿಎಫ್‌ನವರು ಬಳಸುವ ನಿಜವಾದ ಎತ್ತರ 35,786 ಕಿಲೋಮೀಟರ್. ಕಾಯಿಪಲ್ಲೆ ಚೀಟಿಯ ಹಿಂದೆ ಮಾಡಿದ ಲೆಕ್ಕಕ್ಕೂ ಅದಕ್ಕೂ ವ್ಯತ್ಯಾಸ ಐನೂರರ ಒಳಗೆ! ನಾನು ಇದನ್ನು ಮೊದಲ ಸಲ ಮಾಡಿದ ದಿನ ಪ್ರೆಸ್ಸಿನ ಬಾಗಿಲು ಹಾಕಿ ಹೊರಗೆ ಬಂದು ಸುಮ್ಮನೆ ಆಕಾಶ ನೋಡುತ್ತಾ ನಿಂತಿದ್ದೆ. ನನ್ನ ಮಗಳು ಬಂದು ಊಟಕ್ಕೆ ಕರೆಯುವವರೆಗೂ ಹೊತ್ತು ಹೋದದ್ದು ಗೊತ್ತಾಗಲಿಲ್ಲ.

ಆ ಐನೂರು ಎಲ್ಲಿಂದ ಬಂತು ಎಂದು ಕೇಳಬೇಕು ನೀವು. ಕೇಳದಿದ್ದರೆ ಓದಿದ್ದು ದಂಡ. ಚಂದ್ರನಿಗೆ ಬೇಕಾದದ್ದು 27 ಅಲ್ಲ, 27.3 ದಿನ. ನಕ್ಷತ್ರಗಳ ಲೆಕ್ಕದಲ್ಲಿ ಭೂಮಿಯ ಒಂದು ಸುತ್ತು 24 ಗಂಟೆಯಲ್ಲ, 23 ಗಂಟೆ 56 ನಿಮಿಷ. ಚಂದ್ರನಿಗೂ ಸ್ವಂತ ದ್ರವ್ಯರಾಶಿ ಇದೆ, ಭೂಮಿಯ ಎಂಬತ್ತೊಂದರಲ್ಲಿ ಒಂದು ಪಾಲು. ಇವನ್ನೆಲ್ಲ ಸೇರಿಸುತ್ತಾ ಹೋದಂತೆ ವ್ಯತ್ಯಾಸ ಕರಗುತ್ತಾ ಬರುತ್ತದೆ. ತಪ್ಪು ಎಷ್ಟು, ಯಾವ ಕಡೆಯಿಂದ ಬಂತು ಎಂದು ಹೇಳಬಲ್ಲ ಲೆಕ್ಕಕ್ಕೇ ನಾನು ಮರ್ಯಾದೆ ಕೊಡುವುದು. 99.99 ಎನ್ನುವವನಿಗೆ ಆ ತಪ್ಪಿನ ವಿಳಾಸ ಗೊತ್ತಿದೆಯೇ?

ಇನ್ನೂ ಒಂದಿದೆ. ಹಾಗೆ ನಿಂತಂತೆ ಕಾಣುವ ಉಪಗ್ರಹ ಭೂಮಧ್ಯರೇಖೆಯ ಮೇಲೆಯೇ ಇರಬೇಕು. ಬೇರೆ ಕಡೆ ಇದ್ದರೆ ದಿನವೂ ಉತ್ತರಕ್ಕೆ ದಕ್ಷಿಣಕ್ಕೆ ತೂಗಾಡುತ್ತದೆ. ನಾವಿರುವುದು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ. ಆದ್ದರಿಂದ ನಾನು ಈಗ ಒಂದು ಭವಿಷ್ಯ ಹೇಳುತ್ತೇನೆ, ಜ್ಯೋತಿಷಿಯ ಹಾಗಲ್ಲ. ಈಗಲೇ ಮಹಡಿ ಹತ್ತಿ. ಬೆಂಗಳೂರಿನಲ್ಲಿರಿ, ಮಂಡ್ಯದಲ್ಲಿರಿ, ಹುಬ್ಬಳ್ಳಿಯಲ್ಲಿರಿ. ಸುತ್ತಲಿನ ಮನೆಗಳ ಟಿವಿ ಡಿಶ್‌ಗಳನ್ನು ಎಣಿಸಿ. ಒಂದೇ ಒಂದು ಡಿಶ್ ಕೂಡ ಉತ್ತರಕ್ಕೆ ಮುಖ ಮಾಡಿರುವುದಿಲ್ಲ. ದಕ್ಷಿಣಕ್ಕೆ ಅಥವಾ ಆಗ್ನೇಯಕ್ಕೆ ಇರುತ್ತವೆ. ಟಿವಿ ಬರುತ್ತಿರುವ ಒಂದು ಡಿಶ್ ಉತ್ತರಕ್ಕೆ ತಿರುಗಿದ್ದು ಸಿಕ್ಕರೆ ನಾನು ಹೇಳಿದ್ದು ಸುಳ್ಳು, ಮುಲಾಜಿಲ್ಲದೆ ಹೇಳಿ. (ಮಂಗ ತಿರುಗಿಸಿದ ಡಿಶ್ ಲೆಕ್ಕಕ್ಕಿಲ್ಲ. ಅದರಲ್ಲಿ ಟಿವಿ ಬರುವುದೂ ಇಲ್ಲ.) ತಾನು ಹೇಗೆ ಸುಳ್ಳಾಗಬಹುದು ಎಂದು ಮೊದಲೇ ಹೇಳಿ ಕುತ್ತಿಗೆ ಒಡ್ಡುವ ಮಾತನ್ನೇ ವೈಜ್ಞಾನಿಕ ಎನ್ನುವುದು. ‘ಕನ್ನಡ 99.99’ ಎನ್ನುವುದು ಯಾವ ಮಹಡಿ ಹತ್ತಿದರೂ ಸುಳ್ಳಾಗುವುದಿಲ್ಲ. ಅದಕ್ಕೇ ಅದು ನಿಜವೂ ಆಗುವುದಿಲ್ಲ.

ಈ ಕೇಂದ್ರದ ಮೊದಲ ವರ್ಷದ ಕಥೆಯನ್ನೂ ಕೇಳಿ. ಇನ್ಸಾಟ್-1ಎ 1982ರ ಏಪ್ರಿಲ್ 10ರಂದು ಅಮೆರಿಕದ ಡೆಲ್ಟಾ ರಾಕೆಟ್ಟಿನಲ್ಲಿ ಮೇಲೇರಿತು. ವರ್ಷಗಟ್ಟಲೆ ಬಾಳಬೇಕಿದ್ದದ್ದು. ಅದೇ ಸೆಪ್ಟೆಂಬರ್ 6ಕ್ಕೆ ಕೈಬಿಡಬೇಕಾಯಿತು. ದಿಕ್ಕು ಸರಿಪಡಿಸಿಕೊಳ್ಳುವ ಇಂಧನ ಖಾಲಿ. ಐದು ತಿಂಗಳೂ ತುಂಬಲಿಲ್ಲ! ಮುಂದಿನ ವರ್ಷ ಆಗಸ್ಟಿನಲ್ಲಿ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿಯ ಸೌರಫಲಕ ಮೊದಲು ಬಿಚ್ಚಿಕೊಳ್ಳಲೇ ಇಲ್ಲ. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಬಿಚ್ಚಿತು, ಆಮೇಲೆ ವರ್ಷಾನುಗಟ್ಟಲೆ ದುಡಿಯಿತು. ನಮ್ಮ ಹಳ್ಳಿಹಳ್ಳಿಗೆ ದೂರದರ್ಶನ ಬಂದದ್ದು ಅದರ ಹೆಗಲ ಮೇಲೆ. ಸೋತದ್ದು ಯಾಕೆ ಎಂದು ಬರೆದಿಟ್ಟುಕೊಂಡದ್ದರಿಂದ ಮುಂದಿನದು ಸಾಧ್ಯವಾಯಿತು. ‘ದೃಷ್ಟಿ ತಾಕಿತು’ ಎಂದು ಕೂತಿದ್ದರೆ ಆ ಬಟ್ಟಲುಗಳಲ್ಲಿ ಇಂದು ಗುಬ್ಬಿ ಗೂಡು ಕಟ್ಟಿರುತ್ತಿದ್ದವು.

1995ರ ಸೆಪ್ಟೆಂಬರ್ 21 ನಿಮ್ಮಲ್ಲಿ ಅನೇಕರು ಹುಟ್ಟುವ ಮೊದಲಿನ ದಿನ. ದೇಶದ ತುಂಬಾ ಗಣಪತಿ ಹಾಲು ಕುಡಿದ. ನಾನು ಹತ್ತನೇ ತರಗತಿ. ನಮ್ಮೂರಲ್ಲೂ ಚಮಚ ಹಿಡಿದು ಸಾಲು. ನನ್ನ ಚಮಚದ ಹಾಲೂ ಖಾಲಿಯಾಯಿತು, ಮೈ ಜುಂ ಅಂದಿತು. ಮರುದಿನ ನಮ್ಮ ವಿಜ್ಞಾನದ ಮೇಷ್ಟ್ರು ಬೈಯಲಿಲ್ಲ, ನಗಲಿಲ್ಲ. ಬಿಸಿಯೂಟ ಇಲ್ಲದ ಕಾಲ, ಪಕ್ಕದ ಮನೆಯಿಂದ ರುಬ್ಬುವ ಗುಂಡು ತರಿಸಿ, ಒದ್ದೆ ಮಾಡಿ, ತುಂಬಿದ ಚಮಚದ ಅಂಚನ್ನು ಅದಕ್ಕೆ ತಾಗಿಸಿದರು. ರುಬ್ಬುವ ಗುಂಡೂ ಹಾಲು ಕುಡಿಯಿತು! ಹಾಲಿಗೆ ಒಂದು ಚಿಟಿಕೆ ಕುಂಕುಮ ಹಾಕಿದರು. ಕೆಂಪು ಗೆರೆ ಕಲ್ಲಿನ ಮೈಮೇಲೆ ತೆಳ್ಳಗೆ ಇಳಿದು ಕೆಳಗೆ ಸೇರುವುದು ಕಂಡಿತು. ಮೇಲ್ಮೈ ಎಳೆತ, ಕನ್ನಡದಲ್ಲಿ, ಐದು ನಿಮಿಷ. ದಿಲ್ಲಿಯ ವಿಜ್ಞಾನಿಗಳೂ ಬಣ್ಣ ಹಾಕಿದ ಹಾಲಿನಿಂದಲೇ ಅದನ್ನು ತೋರಿಸಿದ್ದರು ಎಂದು ಆಮೇಲೆ ಪೇಪರಿನಲ್ಲಿ ಓದಿದೆ. ನಮ್ಮ ಮೇಷ್ಟ್ರೇನೂ ಕಡಿಮೆಯಿರಲಿಲ್ಲ.

ಅವರು ಆಗಾಗ ಹೇಳುತ್ತಿದ್ದ ಹೆಸರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರಿನ ಹೊಸೂರಿನ ಬಡ ಹುಡುಗ, ಓದಲಿಕ್ಕೆಂದು ಬೆಂಗಳೂರಿಗೆ ನಡೆದೇ ಬಂದವರು. ಅಮೆರಿಕದ ಓಹಾಯೊದಲ್ಲಿ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಡಾಕ್ಟರೇಟ್. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಪುಟ್ಟಪರ್ತಿಗೆ ಪತ್ರ ಬರೆದು ಪರೀಕ್ಷೆಗೆ ಅವಕಾಶ ಕೇಳಿದರು, ಉತ್ತರ ಬರಲಿಲ್ಲ. ಗಾಳಿಯಿಂದ ಉಂಗುರ ಬೇಡ, ಕುಂಬಳಕಾಯಿ ತೆಗೆಯಲಿ ಎನ್ನುವ ಅವರ ಮಾತು ಬಹಳ ಜನಪ್ರಿಯ. ತಮಾಷೆ ಎಂದುಕೊಳ್ಳಬೇಡಿ. ತೋಳಿನೊಳಗೆ ಅಡಗಿಸಲಾಗದ ವಸ್ತುವನ್ನು ಕೇಳುವುದೇ ಪ್ರಯೋಗದ ಮರ್ಮ.

ಹಾಸನದವನು ಇಷ್ಟೆಲ್ಲ ಬರೆದು ಹಾಸನಾಂಬೆಯ ವಿಷಯ ಎತ್ತದಿದ್ದರೆ ಪುಕ್ಕಲು ಅನ್ನುತ್ತೀರಿ. ವರ್ಷಕ್ಕೊಮ್ಮೆ ಬಾಗಿಲು ತೆಗೆದಾಗ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆ, ಹೂವು ಬಾಡಿರುವುದಿಲ್ಲ ಎನ್ನುವ ನಂಬಿಕೆ. ನಾನು ಪ್ರತಿ ವರ್ಷ ತಾಯಿಯನ್ನು ಕರೆದುಕೊಂಡು ಸಾಲಿನಲ್ಲಿ ನಿಲ್ಲುತ್ತೇನೆ. ದೀಪದ ಲೆಕ್ಕ ಕೇಳಲು ಹೋಗಿಲ್ಲ, ದೇವಿಯೂ ನನ್ನ ಲೆಕ್ಕ ಕೇಳಿಲ್ಲ. ಭಕ್ತಿ ಭಕ್ತಿಯಾಗಿರುವಷ್ಟು ದಿನ ನನ್ನ ತಕರಾರಿಲ್ಲ. ಆದರೆ ‘ವಿಜ್ಞಾನಕ್ಕೇ ಸವಾಲು’ ಎಂದು ಪೋಸ್ಟರ್ ಮಾಡಿಸಲು ಬಂದರೆ ಮಾತ್ರ ಹೇಳುತ್ತೇನೆ: ಸವಾಲು ಅಂದ ಮೇಲೆ ಎಣ್ಣೆ ಎಷ್ಟು, ಬತ್ತಿ ಎಷ್ಟು ಉದ್ದ, ಗಂಟೆಗೆ ಎಷ್ಟು ಉರಿಯುತ್ತದೆ, ಬೀಗದ ಮೇಲೆ ಯಾರ ಮೊಹರು ಎಂದು ಬರೆಯಲೇಬೇಕು. ಅಖಾಡಕ್ಕೆ ಕರೆದವರು ಅಖಾಡದ ನಿಯಮಕ್ಕೆ ಒಪ್ಪಬೇಕಲ್ಲವೇ?

ಈಗ ನನ್ನ ಪಿಯುಸಿ ಕಥೆ. ರುಬ್ಬುವ ಗುಂಡಿನ ಮೇಷ್ಟ್ರ ಪ್ರಭಾವ, 1996ರಲ್ಲಿ ವಿಜ್ಞಾನಕ್ಕೇ ಸೇರಿದೆ. ಮೊದಲ ದಿನವೇ ಇಂಗ್ಲಿಷಿನ ಗೋಡೆ. ವರ್ಷವಿಡೀ ಭೌತವಿಜ್ಞಾನದ ತರಗತಿಯಲ್ಲಿ ಒಂದು ಕನ್ನಡ ವಾಕ್ಯ ಕೇಳಲಿಲ್ಲ. ‘ಮೊಮೆಂಟ್ ಆಫ್ ಇನರ್ಷಿಯಾ’ ಬಂತು. ಡಿಕ್ಷನರಿ ತೆಗೆದೆ. ಮೊಮೆಂಟ್ ಎಂದರೆ ಕ್ಷಣ ಎಂದಿತ್ತು. ಜಡತ್ವದ ಕ್ಷಣ! ಅದು ಯಾವ ಕ್ಷಣ, ಯಾವಾಗ ಬರುತ್ತೆ, ಬಂದು ಎಲ್ಲಿಗೆ ಹೋಗುತ್ತೆ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಕೇಳಲು ಭಯ, ಕೇಳಬೇಕಾದರೆ ಇಂಗ್ಲಿಷಿನಲ್ಲೇ ಕೇಳಬೇಕಲ್ಲ! ಎರಡು ಸಲ ಡುಮ್ಕಿ ಹೊಡೆದೆ. ಮೂರನೇ ಸಲ ಮೂವತ್ತೈದು. ಅಲ್ಲಿಗೆ ಓದು ಮುಗಿಯಿತು, ಪ್ರೆಸ್ಸಿಗೆ ಸೇರಿದೆ. ಅಲ್ಲೊಂದು ಹಳೇ ಟ್ರೆಡಲ್ ಮೆಷಿನ್. ಅದಕ್ಕೆ ದೊಡ್ಡ ಗಾಲಿ, ಭಾರವೆಲ್ಲ ಅಂಚಿನಲ್ಲಿ. ಒಮ್ಮೆ ತಿರುಗಿಸಿದರೆ ಕಾಲು ತೆಗೆದರೂ ತಿರುಗುತ್ತಲೇ ಇರುತ್ತದೆ. “ಭಾರ ಅಂಚಿಗೆ ಯಾಕೆ ಇಟ್ಟಿದಾರೆ ಗೊತ್ತೇನೋ? ನಡುವೆ ಇಟ್ಟರೆ ಬೇಗ ನಿಂತುಹೋಗುತ್ತೆ” ಎಂದರು ಏಳನೇ ತರಗತಿ ಓದಿದ ನಮ್ಮ ಮೆಷಿನ್‌ಮ್ಯಾನ್. ಅಯ್ಯೋ! ಎರಡು ವರ್ಷ ನನ್ನ ಪ್ರಾಣ ತಿಂದದ್ದು ಇದೇನಾ? ಕಣ್ಣಲ್ಲಿ ನೀರು ಬಂತು ಅಂದರೆ ನಂಬಿ. ತಲೆ ದಡ್ಡದಿರಲಿಲ್ಲ, ಬಾಗಿಲಿಗೆ ಬೇರೆ ಬೀಗ ಹಾಕಿದ್ದರು.

ಇಂದಿಗೂ ಪಿಯುಸಿ ವಿಜ್ಞಾನದ ತರಗತಿ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆಯುತ್ತದೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಎಷ್ಟು ಮಕ್ಕಳು ಆ ಹೊಸಲಿನಲ್ಲಿ ಎಡವುತ್ತಾರೆ! ನಾಮಫಲಕಕ್ಕೆ ಕಪ್ಪು ಬಳಿಯುವ ನಾವು ಈ ಹೊಸಲಿನ ಮುಂದೆ ಎಷ್ಟು ಸಲ ಕೂತಿದ್ದೇವೆ? ಫಲಕದ ಹೋರಾಟ ಬೇಡ ಅನ್ನುತ್ತಿಲ್ಲ, ನಾನೇ ಅದರ ಪೋಸ್ಟರ್ ಸಾಲಕ್ಕೆ ಮುದ್ರಿಸಿಕೊಟ್ಟಿದ್ದೇನೆ. ಸಾಲ ಇನ್ನೂ ತೀರಿಲ್ಲ, ಅದು ಬೇರೆ ಮಾತು.

ಕನ್ನಡದಲ್ಲಿ ವಿಜ್ಞಾನ ಸಾಧ್ಯವಿಲ್ಲ ಅನ್ನುವವರಿಗೆ ಒಂದು ಹಳೇ ಸಂಗತಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಜೊತೆ ಸೇರಿ 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಪಂಪಭಾರತವನ್ನು ಸಂಪಾದಿಸಿದವರೂ ಅದೇ ಬೆಳ್ಳಾವೆಯವರು. ಒಂದು ಕೈಯಲ್ಲಿ ಪಂಪ, ಒಂದು ಕೈಯಲ್ಲಿ ಭೌತವಿಜ್ಞಾನ! ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಒಂದೊಂದು ಅಕ್ಷರವನ್ನೂ ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಅವರು ಮಾಡಿದ್ದನ್ನು, ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವ ನಾವು ‘ಹ್ಯಾಪಿ ರಾಜ್ಯೋತ್ಸವ’ಕ್ಕೆ ನಿಲ್ಲಿಸಿದ್ದೇವೆ. ಪಾರಿಭಾಷಿಕ ಪದಗಳ ಬಗ್ಗೆ ಜಗಳವೂ ನನಗೆ ಬೇಡ. ವೇಗೋತ್ಕರ್ಷ ಎನ್ನಿ, ಆಕ್ಸಿಲರೇಷನ್ ಎನ್ನಿ. ಪ್ರೆಸ್ಸಿನಲ್ಲಿ ನಾವು ಬ್ಲಾಂಕೆಟ್, ಗ್ರಿಪ್ಪರ್, ರಿಜಿಸ್ಟರ್ ಎನ್ನುತ್ತೇವೆ, ಕನ್ನಡಕ್ಕೇನೂ ಜ್ವರ ಬಂದಿಲ್ಲ. ಪದ ಯಾವುದಾದರೂ ಇರಲಿ, ವಿವರಣೆ ಕನ್ನಡದಲ್ಲಿ ಬರಲಿ, ಪ್ರಶ್ನೆ ಕನ್ನಡದಲ್ಲಿ ಏಳಲಿ.

ಹೆಮ್ಮೆಗೆ ಕಾರಣ ಬೇಕೇ? ಸುಳ್ಳು ಯಾಕೆ, ನಮ್ಮ ಜಿಲ್ಲೆಯಲ್ಲೇ ಕಲ್ಲಿನಲ್ಲಿ ಕೆತ್ತಿದ ಸಾಕ್ಷಿ ಇದೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಕಾಲ ಸುಮಾರು ಕ್ರಿ.ಶ. 450 ಎಂದರು. ಬಾಯಿಮಾತಿನಲ್ಲಿ ಅಲ್ಲ, ಅಕ್ಷರದ ಆಕಾರ, ಭಾಷೆಯ ರೂಪ, ರಾಜರ ಹೆಸರು ಎಲ್ಲ ಮುಂದಿಟ್ಟು. ಬೇರೆ ವಿದ್ವಾಂಸರು ತಕರಾರು ತೆಗೆದರು, ಕಾಲ ಹಿಂದೆಮುಂದೆ ಎಳೆದರು. ಆಮೇಲೆ 2013ರಲ್ಲಿ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಅಗೆದಾಗ ಸಿಂಹಕಟಾಂಜನ ಶಾಸನ ಸಿಕ್ಕಿತು. ಅದು ಕ್ರಿ.ಶ. 370ರದು ಎಂದು ಅವರ ಅಭಿಪ್ರಾಯ. ಹಾಸನದವನಾಗಿ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕಲ್ಲು ಸಿಕ್ಕಿದ ಮೇಲೆ ಹೊಟ್ಟೆ ಉರಿಯನ್ನು ಯಾರು ಕೇಳುತ್ತಾರೆ? 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಬಂದದ್ದು ಇಂಥ ಕಲ್ಲು, ಓಲೆ, ಕಾವ್ಯಗಳನ್ನು ಮುಂದಿಟ್ಟು ವಾದ ಮಾಡಿದ್ದರಿಂದ. 99.99 ಎಂದು ಕೂಗಿದ್ದರಿಂದ ಅಲ್ಲ.

ಆ ಐವರಲ್ಲಿ ನಕ್ಕ ಹುಡುಗ ಡಿಸೆಂಬರಿನಲ್ಲಿ ಒಬ್ಬನೇ ಬಂದ. ಅಕ್ಕನ ಮದುವೆ ಪತ್ರಿಕೆಗೆ. ಕರಡು ತಿದ್ದುತ್ತಾ ಕೂತವನು ಮೆಲ್ಲಗೆ, “ಆ ಉಳಿದ 0.01 ಯಾವುದು ಅಂತ ನಾನೂ ಹುಡುಕಿದೆ ಸಾರ್. ಎಲ್ಲೂ ಇಲ್ಲ” ಅಂದ. ಅವನಿಗೆ ಕಾಫಿ ತರಿಸಿ 729ರ ಲೆಕ್ಕ ಹೇಳಿಕೊಟ್ಟೆ. ಹಿಂದಿರುಗುವಾಗ ಸಾಲಗಾಮೆ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಬಟ್ಟಲುಗಳ ಫೋಟೋ ತೆಗೆದು ಕಳಿಸಿದ. ಕೆಳಗೆ ‘ಉತ್ತರಕ್ಕೆ ಒಂದೂ ಇಲ್ಲ’ ಎಂದು ಬರೆದಿದ್ದ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹದಿನಾರು ಪುಟದ ಒಂದು ಪುಸ್ತಕ. ಕನ್ನಡದಲ್ಲಿ ಭೌತವಿಜ್ಞಾನ, ಪಿಯುಸಿಗೆ ಕಾಲಿಡುವ ಮಕ್ಕಳಿಗೆ. ನೀವು ಬರೆದು ತನ್ನಿ. ಒಂದೇ ಷರತ್ತು: ಅದರಲ್ಲಿರುವ ಪ್ರತಿ ಪ್ರಯೋಗವನ್ನೂ ನೀವೇ ಮಾಡಿರಬೇಕು, ನಿಮ್ಮನ್ನು ಬಿಟ್ಟು ಇನ್ನಿಬ್ಬರು ಮಾಡಿರಬೇಕು, ಕೈಕೊಟ್ಟ ಪ್ರಯೋಗವನ್ನೂ ಕೈಕೊಟ್ಟಿತು ಎಂದೇ ಬರೆದಿರಬೇಕು. ಕಾಗದ ನನ್ನದು, ಮಸಿ ನನ್ನದು, ಸಾವಿರ ಪ್ರತಿ. ಮಳೆಗಾಲಕ್ಕೆ ಮುಂಚೆ ತಂದುಕೊಡಿ. ಆಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ.